ಅಂಗೈ ಮೇಲಿನ ಅಕ್ಷರ: ಕಣ್ಣು ಕಿವಿ ಕಳೆದುಕೊಂಡ ಮಗು ಕಲಿತ ಬಗೆ



ಕಣ್ಣು ಕಾಣದ ಮಗು ಕಿವಿಯಿಂದ ಕೇಳಿ ಕಲಿತೀತು. ಕಿವಿ ಕೇಳದ ಮಗು ಕಣ್ಣಿನಿಂದ ನೋಡಿ ಕಲಿತೀತು. ಎರಡೂ ಇಲ್ಲದ ಮಗುವಿನ ಗತಿ ಏನು? ‘ಅದರ ಹಣೆಬರಹ’ ಎಂದು ನಿಟ್ಟುಸಿರುಬಿಟ್ಟು, ಹೊತ್ತಿಗೆ ಸರಿಯಾಗಿ ಉಣ್ಣಲು ಕೊಟ್ಟು, ಮೂಲೆಯಲ್ಲಿ ಕೂರಿಸುವವರೇ ಹೆಚ್ಚು. ಆದರೆ ಅಂಥ ಒಂದು ಮಗು ಓದಿ ಪದವಿ ಪಡೆದು, ಪುಸ್ತಕ ಬರೆದು, ದೇಶದೇಶ ಸುತ್ತಿದ್ದು ಉಂಟು. ಆಕೆಯೇ ಹೆಲೆನ್ ಕೆಲರ್. ಇದು ಪವಾಡವಲ್ಲ. ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿದರೆ ನಮ್ಮ ನಮ್ಮ ಮನೆಗಳಿಗೂ ಉಪಯೋಗವಿದೆ. ಆದ್ದರಿಂದ ಸಾವಧಾನವಾಗಿ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಕತ್ತಲೆಯಲ್ಲಿ ಐದು ವರ್ಷ

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ. ದನ, ಕುದುರೆ, ಕೋಳಿ, ತೋಟ ಎಲ್ಲವೂ ಇದ್ದ ಅನುಕೂಲಸ್ಥರ ಮನೆ. ಹುಟ್ಟುವಾಗ ಮಗುವಿಗೆ ಯಾವ ಊನವೂ ಇರಲಿಲ್ಲ. ಹತ್ತೊಂಬತ್ತು ತಿಂಗಳಾಗಿದ್ದಾಗ ಬಲವಾದ ಜ್ವರ ಬಂತು. ಅದು ಮೆದುಳುಜ್ವರವಾಗಿರಬಹುದೆಂದು ಇಂದಿನ ವೈದ್ಯರು ಊಹಿಸುತ್ತಾರೆ. ಜ್ವರವೇನೋ ಇಳಿಯಿತು, ಜೀವವೂ ಉಳಿಯಿತು. ಆದರೆ ಕಣ್ಣು ಹೋಯಿತು, ಕಿವಿಯೂ ಹೋಯಿತು. ಮಾತು ಕೇಳದ ಮಗುವಿಗೆ ಮಾತು ಬರುವುದೆಂತು? ನಾಲಗೆಯೂ ನಿಂತುಹೋಯಿತು.

ಮಗು ದಡ್ಡಿಯಾಗಿರಲಿಲ್ಲ. ರೊಟ್ಟಿ ಬೇಕೆಂದರೆ ಕೈಯಿಂದ ಕೊಯ್ದು ಬೆಣ್ಣೆ ಸವರುವಂತೆ ನಟಿಸುತ್ತಿತ್ತು. ಅಡುಗೆಯವಳ ಮಗಳ ಜೊತೆ ಹುಲ್ಲಿನಲ್ಲಿ ಕೋಳಿಮೊಟ್ಟೆ ಹುಡುಕುತ್ತಿತ್ತು. ಆದರೆ ಮನಸ್ಸಿನಲ್ಲಿದ್ದುದನ್ನು ತಿಳಿಸಲಾರದೆ ದಿನವೂ ಸಿಟ್ಟು, ಒದೆತ, ಕಿರುಚಾಟ. ‘ಪಾಪ, ಕಾಣದ ಕೂಸು’ ಎಂದು ಯಾರೂ ತಡೆಯುತ್ತಿರಲಿಲ್ಲ. ಊಟದ ಮೇಜಿನ ಸುತ್ತ ಹೋಗಿ ಎಲ್ಲರ ತಟ್ಟೆಗೂ ಕೈಹಾಕಿ ತಿನ್ನುತ್ತಿತ್ತು. ಕನಿಕರವೇ ಮಗುವಿಗೆ ಇನ್ನೊಂದು ಕೇಡಾಗಿತ್ತು.

ಆದರೆ ತಾಯಿ ಆಸೆ ಬಿಡಲಿಲ್ಲ. ಲಾರಾ ಬ್ರಿಜ್‌ಮನ್ ಎಂಬ ಕುರುಡಿ-ಕಿವುಡಿ ಹುಡುಗಿಗೆ ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಯಲ್ಲಿ 1837ರಿಂದ ವಿದ್ಯೆ ಕಲಿಸಿದ್ದರೆಂಬುದನ್ನು ಆಕೆ ಪುಸ್ತಕವೊಂದರಲ್ಲಿ ಓದಿದ್ದಳು. 1886ರಲ್ಲಿ ಮಗಳನ್ನು ತಂದೆ ದೂರದ ಊರಿನ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದರು. ಕಣ್ಣಿಗೆ ಚಿಕಿತ್ಸೆ ಇಲ್ಲವೆಂದು ತಿಳಿಯಿತು. ವೈದ್ಯರು ಅವರನ್ನು ಟೆಲಿಫೋನ್ ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರ ಬಳಿ ಕಳುಹಿಸಿದರು. ಬೆಲ್ ಅವರು ಕಿವುಡ ಮಕ್ಕಳ ಶಿಕ್ಷಣದಲ್ಲಿ ಅನುಭವಿಗಳು. ಪರ್ಕಿನ್ಸ್ ಶಾಲೆಗೆ ಬರೆಯಿರೆಂದು ಅವರು ಹೇಳಿದರು. ಆ ಶಾಲೆಯವರು ಕಳುಹಿಸಿಕೊಟ್ಟ ಉಪಾಧ್ಯಾಯಿನಿಯೇ ಆನ್ ಸಲಿವನ್.

ಕಷ್ಟ ಉಂಡ ಗುರು

ಆನ್ ಬಡವರ ಮಗಳು. ಹುಟ್ಟಿದ್ದು 1866ರಲ್ಲಿ. ಐದಾರು ವರ್ಷದವಳಿದ್ದಾಗ ಟ್ರಕೋಮಾ ಎಂಬ ಅಂಟುರೋಗದಿಂದ ಕಣ್ಣು ಮಬ್ಬಾಯಿತು. ತಾಯಿ ತೀರಿಕೊಂಡಳು, ತಂದೆ ಕೈಬಿಟ್ಟ. 1876ರಲ್ಲಿ ತಮ್ಮನೊಡನೆ ಅನಾಥರ ಸರ್ಕಾರಿ ಧರ್ಮಶಾಲೆಗೆ ಸೇರಿಸಿದರು. ತಮ್ಮ ಅಲ್ಲಿಯೇ ಸತ್ತ. ಶಾಲೆಗೆ ಹೋಗಬೇಕೆಂದು ಹಠಹಿಡಿದು 1880ರಲ್ಲಿ ಪರ್ಕಿನ್ಸ್ ಶಾಲೆ ಸೇರಿದಾಗ ಅವಳಿಗೆ ಹದಿನಾಲ್ಕು ವರ್ಷ. ಅಕ್ಷರ ಕಲಿತದ್ದೇ ಅಲ್ಲಿ. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಒಂದಿಷ್ಟು ಮರಳಿತು. 1886ರಲ್ಲಿ ತರಗತಿಗೇ ಮೊದಲಿಗಳಾಗಿ ತೇರ್ಗಡೆಯಾದಳು. ಮರುವರ್ಷ ಮಾರ್ಚ್ 3ರಂದು ಹೆಲೆನಳ ಮನೆಗೆ ಬಂದಿಳಿದಾಗ ಅವಳಿಗಿನ್ನೂ ಇಪ್ಪತ್ತು ವರ್ಷ.

ಬಂದ ಹೊಸದರಲ್ಲಿಯೇ ಹೆಲೆನ್ ಈ ಗುರುವನ್ನು ಕೋಣೆಯಲ್ಲಿ ಕೂಡಿ, ಬೀಗ ಹಾಕಿ, ಬೀಗದ ಕೈಯನ್ನು ಬಚ್ಚಿಟ್ಟಳು. ತಂದೆ ಏಣಿ ಹಾಕಿ ಕಿಟಕಿಯಿಂದ ಇಳಿಸಬೇಕಾಯಿತು!

ಕಲಿಸಿದ ಬಗೆ

ಆನ್ ಮೊದಲು ಮಾಡಿದ್ದು ಶಿಸ್ತು ತರುವ ಕೆಲಸ. ತನ್ನ ತಟ್ಟೆಗೆ ಕೈಹಾಕಲು ಬಿಡಲಿಲ್ಲ. ಚಮಚದಿಂದ ತಿನ್ನಲು, ಕೈವಸ್ತ್ರ ಮಡಿಸಲು ಗಂಟೆಗಟ್ಟಲೆ ಸೆಣಸಿ ಕಲಿಸಿದಳು. ಮಗು ಅತ್ತರೆ ಮನೆಯವರು ಅಡ್ಡ ಬರುತ್ತಿದ್ದರು. ಆದ್ದರಿಂದ ಹತ್ತಿರದ ಪುಟ್ಟ ಮನೆಯೊಂದರಲ್ಲಿ ಇಬ್ಬರೇ ಎರಡು ವಾರ ಇದ್ದರು. ಕಾಡುಪ್ರಾಣಿಯಂತಿದ್ದ ಮಗು ಪಳಗಿತು. ಹೊಡೆದು ಬಡಿದು ಅಲ್ಲ. ಹೇಳಿದ್ದನ್ನು ಬದಲಿಸದೆ, ಬೇಸರಪಡದೆ, ಪ್ರೀತಿಯಿಂದ.

ಎರಡನೆಯದು ಬೆರಳಕ್ಷರ. ಒಂದೊಂದು ಅಕ್ಷರಕ್ಕೂ ಬೆರಳುಗಳನ್ನು ಒಂದೊಂದು ಬಗೆಯಲ್ಲಿ ಮಡಿಸುವ ಪದ್ಧತಿ ಇದೆ. ಆ ಬೆರಳುಗಳನ್ನು ಇನ್ನೊಬ್ಬರ ಅಂಗೈಯಲ್ಲಿಟ್ಟರೆ ಅವರು ಮುಟ್ಟಿಯೇ ಓದಬಹುದು. ಬಂದ ಮರುದಿನದಿಂದಲೇ ಆನ್ ಬೊಂಬೆ ಕೊಟ್ಟಾಗ ‘ಬೊಂಬೆ’ ಎಂದೂ ತಿಂಡಿ ಕೊಟ್ಟಾಗ ‘ತಿಂಡಿ’ ಎಂದೂ ಮಗುವಿನ ಅಂಗೈಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತ ಹೋದಳು. ಹೆಲೆನ್ ಅದನ್ನು ಆಟವೆಂದು ಅನುಕರಿಸಿದಳೇ ಹೊರತು, ಅದು ಆ ವಸ್ತುವಿನ ಹೆಸರೆಂದು ತಿಳಿಯಲಿಲ್ಲ. ವಾರಗಟ್ಟಲೆ ಹೀಗೆಯೇ ನಡೆಯಿತು.

1887ರ ಏಪ್ರಿಲ್ 5. ‘ಲೋಟ’ ಯಾವುದು, ‘ನೀರು’ ಯಾವುದು ಎಂಬ ಗೊಂದಲದಲ್ಲಿ ಹೆಲೆನ್ ಸಿಟ್ಟಾಗಿ ಬೊಂಬೆಯನ್ನು ನೆಲಕ್ಕಪ್ಪಳಿಸಿ ಒಡೆದಳು. ಆನ್ ಅವಳನ್ನು ಬಾವಿಯ ಬಳಿ ಕರೆದೊಯ್ದಳು. ಅಲ್ಲಿ ಯಾರೋ ಪಂಪು ಒತ್ತುತ್ತಿದ್ದರು. ಮಗುವಿನ ಒಂದು ಕೈಯನ್ನು ತಣ್ಣನೆಯ ನೀರಿನ ಧಾರೆಗೆ ಹಿಡಿದು, ಇನ್ನೊಂದು ಅಂಗೈಯಲ್ಲಿ ‘ನೀರು’ ಎಂಬ ಪದವನ್ನು ಮೆಲ್ಲಗೆ, ಆಮೇಲೆ ಬೇಗಬೇಗ ಬರೆದಳು. ಮಗು ಸ್ತಬ್ಧವಾಗಿ ನಿಂತಿತು. ಕೈಗೆ ಬೀಳುತ್ತಿರುವ ಈ ತಂಪಿಗೆ ಒಂದು ಹೆಸರಿದೆ, ಎಲ್ಲಕ್ಕೂ ಹೆಸರಿದೆ ಎಂಬುದು ಹೊಳೆಯಿತು. ಕೂಡಲೇ ನೆಲ ಮುಟ್ಟಿ ಅದರ ಹೆಸರು ಕೇಳಿದಳು, ಪಂಪು ಮುಟ್ಟಿ ಕೇಳಿದಳು, ಗುರುವನ್ನು ಮುಟ್ಟಿ ಕೇಳಿದಳು. ಆ ಒಂದೇ ದಿನ ಸುಮಾರು ಮೂವತ್ತು ಪದಗಳನ್ನು ಕಲಿತಳು.

ಬಿತ್ತಿದ ಬೀಜ ಮಣ್ಣೊಳಗಿರುವಾಗ ಹೊಲ ಬರಿದಾಗಿಯೇ ಕಾಣುತ್ತದೆ. ಹಾಗೆಂದು ರೈತ ಅದನ್ನು ಕೆದಕಿ ನೋಡುವುದಿಲ್ಲ, ಹೊಲ ಬಿಟ್ಟು ಹೋಗುವುದೂ ಇಲ್ಲ. ಆ ವಾರಗಳ ಕಲಿಕೆಯೂ ಹಾಗೆಯೇ ಒಳಗೆ ಬೇರು ಬಿಡುತ್ತಿತ್ತು.

ಮೂರನೆಯದು ಬಹಳ ಮುಖ್ಯವಾದ ಮಾತು. ಹೆಲೆನಳ ನೆಂಟರ ಕೂಸೊಂದು ದೊಡ್ಡವರ ಮಾತು ಕೇಳುತ್ತ ಕೇಳುತ್ತಲೇ ಅರ್ಥ ಮಾಡಿಕೊಳ್ಳುವುದನ್ನು ಆನ್ ಗಮನಿಸಿದಳು. ಕೂಸಿಗೆ ಯಾರೂ ಪಾಠ ಹೇಳುವುದಿಲ್ಲ. ಅದರ ಕಿವಿಯಲ್ಲಿ ಮಾತಾಡುತ್ತಲೇ ಇರುತ್ತಾರೆ. ‘ಹಾಗೆಯೇ ನಾನು ಇವಳ ಅಂಗೈಯಲ್ಲಿ ಮಾತಾಡುತ್ತೇನೆ’ ಎಂದು ನಿಶ್ಚಯಿಸಿದಳು. ಹೊತ್ತು ಗೊತ್ತಿನ ಪಾಠ ಬಿಟ್ಟು, ಇಡೀ ದಿನ ಪೂರ್ತಿ ವಾಕ್ಯಗಳನ್ನೇ ಅಂಗೈಗೆ ಹೇಳಿದಳು. ತೋಟವೇ ಶಾಲೆಯಾಯಿತು. ನದಿಯ ದಂಡೆಯಲ್ಲಿ ಹರಳುಗಳಿಂದ ಅಣೆಕಟ್ಟು ಕಟ್ಟಿ ಭೂಗೋಳ ಕಲಿತರು, ಮಣಿ ಪೋಣಿಸಿ ಲೆಕ್ಕ ಕಲಿತರು. ಉಬ್ಬಿದ ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನೂ ಹೆಲೆನ್ ಬೆರಳಿನಿಂದ ಓದಲು ಕಲಿತಳು. 1890ರಿಂದ, ಇತರರ ತುಟಿ ಗಂಟಲುಗಳನ್ನು ಮುಟ್ಟಿ ಮಾತಾಡುವುದನ್ನೂ ಅಭ್ಯಾಸ ಮಾಡಿದಳು.

ದುಡಿಮೆಯ ಫಲ

1900ರಲ್ಲಿ ಹೆಲೆನ್ ರಾಡ್‌ಕ್ಲಿಫ್ ಕಾಲೇಜು ಸೇರಿದಳು. ಪ್ರಾಧ್ಯಾಪಕರ ಪಾಠವನ್ನೆಲ್ಲ ಆನ್ ಪಕ್ಕದಲ್ಲಿ ಕುಳಿತು ಅಂಗೈಯಲ್ಲಿ ಬರೆದು ತಿಳಿಸಿದಳು. ಬ್ರೈಲಿನಲ್ಲಿಲ್ಲದ ಪುಸ್ತಕಗಳನ್ನು ತನ್ನ ಸೋತ ಕಣ್ಣಿನಿಂದಲೇ ಓದಿ ಹೇಳಿದಳು. 1903ರಲ್ಲಿ ಹೆಲೆನಳ ಆತ್ಮಕಥೆ ಪ್ರಕಟವಾಯಿತು. 1904ರಲ್ಲಿ ಪದವಿ ಬಂತು. ಕಣ್ಣು ಕಿವಿ ಎರಡೂ ಇಲ್ಲದವರು ಬಿ.ಎ. ಪದವಿ ಪಡೆದದ್ದು ಅದೇ ಮೊದಲು. ಮುಂದೆ ಅವರು ಜೀವಮಾನವೆಲ್ಲ ಅಂಧರ ಪರವಾಗಿ ದುಡಿದರು. 1955ರಲ್ಲಿ ಎಪ್ಪತ್ತನಾಲ್ಕು ವರ್ಷದವರಿದ್ದಾಗ ನಮ್ಮ ದೇಶಕ್ಕೂ ಬಂದು ಪ್ರಧಾನಿ ನೆಹರೂ ಅವರನ್ನು ಕಂಡರು. ಗುರು ಆನ್ 1936ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರ ಕಣ್ಣು ಪೂರ್ತಿ ಹೋಗಿತ್ತು. ಹೆಲೆನ್ ಕಾಲವಾದದ್ದು 1968ರಲ್ಲಿ.

ನಾವು ಮಾಡತಕ್ಕದ್ದು

1. ರೋಗ ತಡೆಯಿರಿ. ಬಸುರಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದು. ನಮ್ಮ ರಾಜ್ಯದಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಪ್ರಾರಂಭವಾಯಿತು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ ತಪ್ಪದೆ ಹಾಕಿಸಿರಿ. ಆನ್‌ಳ ಕಣ್ಣು ಕೆಡಿಸಿದ ಟ್ರಕೋಮಾ ನಮ್ಮಲ್ಲಿ ಸಾರ್ವಜನಿಕ ಪಿಡುಗಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿತು. ಆದರೂ ಮಕ್ಕಳ ಮುಖವನ್ನು ಶುದ್ಧ ನೀರಿನಿಂದ ತೊಳೆಯುವ ರೂಢಿ ಬಿಡಬೇಡಿ.

2. ಬೇಗ ಗುರುತಿಸಿರಿ. ಆರು ತಿಂಗಳ ಕೂಸು ಸದ್ದಿನ ಕಡೆ ತಿರುಗದಿದ್ದರೆ, ತಾಯಿಯ ಮುಖ ನೋಡದಿದ್ದರೆ, ‘ಮುಂದೆ ಸರಿಹೋದೀತು’ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

3. ಶಾಲೆಗೆ ಕಳುಹಿಸಿರಿ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. ಕನ್ನಡಕ್ಕೂ ಬ್ರೈಲ್ ಲಿಪಿ ಇದೆ. 2016ರ ಕಾಯಿದೆಯಂತೆ ನಿಗದಿತ ಪ್ರಮಾಣದ ಅಂಗವಿಕಲತೆ ಇರುವ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ದಾನವಲ್ಲ, ಹಕ್ಕು.

4. ಮನೆಯಲ್ಲಿ ಕನಿಕರ ಕಡಿಮೆ ಮಾಡಿ, ಕೆಲಸ ಕೊಡಿರಿ. ಕಾಳು ಆರಿಸುವುದು, ಕರುವಿಗೆ ಹುಲ್ಲು ಹಾಕುವುದು ಮುಂತಾದವನ್ನು ಕೈಹಿಡಿದು ಕಲಿಸಿರಿ. ತಿಳಿಯಲಿ ಬಿಡಲಿ, ಮಗುವಿನೊಡನೆ ಮಾತಾಡುತ್ತಲೇ ಇರಿ. ಕಿವಿ ಕೇಳದಿದ್ದರೆ ಸನ್ನೆಯಿಂದ, ಕಣ್ಣೂ ಇಲ್ಲದಿದ್ದರೆ ಮುಟ್ಟಿ.

ನಿಮ್ಮ ಗ್ರಾಮದಲ್ಲಿ ಇಂಥ ಮಗು ಎಷ್ಟು ಮನೆಗಳ ಒಳಕೋಣೆಯಲ್ಲಿ ಕುಳಿತಿದೆಯೋ ವಿಚಾರಿಸಿರಿ. ಮುಂದಿನ ಗ್ರಾಮಸಭೆಯಲ್ಲಿ ಆ ಮಾತು ಎತ್ತಿರಿ. ಪ್ರತಿ ಮಗುವೂ ಹೆಲೆನ್ ಆಗಬೇಕಾಗಿಲ್ಲ. ತನ್ನ ಹೆಸರು ತಾನು ಬರೆದು, ತನ್ನ ಅನ್ನ ತಾನು ದುಡಿದು, ನಾಲ್ಕು ಜನರೊಡನೆ ಬೆರೆತು ಬಾಳಿದರೆ ಸಾಕು. ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ, ಬೇಸರಿಸದೆ ಕೈಹಿಡಿದು ಕಲಿಸುವ ಒಬ್ಬರು. ಆ ಒಬ್ಬರು ನೀವೇ ಏಕಾಗಬಾರದು?