ಏಪ್ರಿಲ್ 24: ಅಣ್ಣಾವ್ರ ದಿನ, ಓಟಿನ ದಿನವೂ ಹೌದು

ಏಪ್ರಿಲ್ 24 ಯಾವ ದಿನವೆಂದು ರಾಜಾಜಿನಗರದಲ್ಲಿ ಯಾರನ್ನೇ ಕೇಳಿ, ಉತ್ತರ ಒಂದೇ: ಅಣ್ಣಾವ್ರ ಹುಟ್ಟುಹಬ್ಬ! 1929ರಲ್ಲಿ ಇದೇ ದಿನ ಹುಟ್ಟಿದ ಗಾಜನೂರಿನ ಮುತ್ತುರಾಜ, 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. 2006ರಲ್ಲಿ ಹುಟ್ಟುಹಬ್ಬಕ್ಕೆ ಹನ್ನೆರಡೇ ದಿನ ಇರುವಾಗ ತೀರಿಕೊಂಡರು. ಕಂಠೀರವ ಸ್ಟುಡಿಯೋದಲ್ಲಿ ಅವರ ಸಮಾಧಿ. ರಾಜಾಜಿನಗರದ ದೊಡ್ಡ ರಸ್ತೆಗೂ ಅವರದೇ ಹೆಸರು.

ಅಷ್ಟಕ್ಕೇ ಮುಗೀತಾ? ಇಲ್ಲ. ತಮಿಳು ಸಾಹಿತಿ ಜಯಕಾಂತನ್ (1934), ಕ್ರಿಕೆಟ್ಟಿನ ಸಚಿನ್ ತೆಂಡೂಲ್ಕರ್ (1973) ಹುಟ್ಟಿದ್ದೂ ಇದೇ ತಾರೀಕು. 1990ರಲ್ಲಿ ಹಬಲ್ ದೂರದರ್ಶಕ ಆಕಾಶಕ್ಕೆ ಹಾರಿದ್ದೂ ಇದೇ ದಿನ.

ಆದರೆ ಹಾರ-ತುರಾಯಿ ಗದ್ದಲದಲ್ಲಿ ಮರೆತು ಹೋಗುವುದು ಇನ್ನೊಂದುಂಟು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಪಂಚಾಯಿತಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು, ಹೆಂಗಸರಿಗೆ ಮೂರನೇ ಒಂದು ಪಾಲು ಸ್ಥಾನ ಬಿಡಲೇಬೇಕು ಎಂದಿತು ಅದು. ಪಟ್ಟಣಗಳಿಗೂ ಅಂಥದ್ದೇ 74ನೇ ತಿದ್ದುಪಡಿ ಅದೇ ಜೂನ್ 1ಕ್ಕೆ ಬಂತು.

ನಮ್ಮ ಕಡೆ ಆದದ್ದೇನು? ಕೆಂಗೇರಿಗೆ ತನ್ನದೇ ಪುರಸಭೆ ಇತ್ತು. 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಕರಗಿತು. ಮಹಾನಗರ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ನಡೆದು, 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಆಮೇಲೆ ವಿಜಯನಗರ, ಬಸವೇಶ್ವರನಗರದವರು ಮೋರಿ ಕಟ್ಟಿದರೂ ಕಸ ಕೊಳೆತರೂ ಹೇಳಿಕೊಳ್ಳಲು ಕಾರ್ಪೊರೇಟರೇ ಇಲ್ಲದೆ ವರ್ಷಗಟ್ಟಲೆ ಅಧಿಕಾರಿಗಳ ಬಾಗಿಲು ಕಾಯ್ದರು.

ಅಣ್ಣಾವ್ರು ಅಭಿಮಾನಿಗಳನ್ನೇ ದೇವರೆಂದರು. ಆ ದೇವರುಗಳು ಸಮಾಧಿಗೆ ಹೂವಿಟ್ಟು ಬರುವಾಗ ತಮ್ಮ ಓಟಿನ ಲೆಕ್ಕವನ್ನೂ ಕೇಳಿದರೆ ತಪ್ಪೇನು?