ರೋಗಿಯ ಕೋಣೆಯ ಕಸ ಯಾರ ಕೈ ಸೇರುತ್ತದೆ?

ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಸ್ಥಾಪಿಸಿದ ಈ ದಿನದಂದು ನಾವು ರೋಗಿಗಳಿಗಾಗಿ, ವೈದ್ಯರಿಗಾಗಿ, ದಾದಿಯರಿಗಾಗಿ ಪ್ರಾರ್ಥಿಸುತ್ತೇವೆ. ಆಸ್ಪತ್ರೆಯ ಹಿಂಬಾಗಿಲಿನಿಂದ ಕಸದ ಚೀಲವನ್ನು ಹೊತ್ತೊಯ್ಯುವವರು ಆ ಪ್ರಾರ್ಥನೆಯಲ್ಲಿ ನೆನಪಾಗುವುದು ಅಪರೂಪ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಗಳ ತ್ಯಾಜ್ಯದಲ್ಲಿ ಸುಮಾರು ಶೇಕಡಾ 85ರಷ್ಟು ಮನೆಯ ಕಸದಂತೆ ಸಾಮಾನ್ಯವಾದುದು: ಕಾಗದ, ಹಣ್ಣಿನ ಸಿಪ್ಪೆ, ಉಳಿದ ಅನ್ನ. ಅಪಾಯಕಾರಿಯಾದುದು ಶೇಕಡಾ 15 ಮಾತ್ರ. ಆದರೆ ರಕ್ತ ಹತ್ತಿದ ಅರಳೆಯನ್ನೂ ಸೂಜಿಯನ್ನೂ ಅದೇ ಬುಟ್ಟಿಗೆ ಹಾಕಿದೊಡನೆ ನೂರಕ್ಕೆ ನೂರೂ ಅಪಾಯಕಾರಿಯೇ. ಅನಂತರ ಅದನ್ನು ಕೆದಕಿ ಬೇರ್ಪಡಿಸುವವರು ಬರಿಗೈಯಲ್ಲಿ ಚಿಂದಿ ಆಯುವ ಬಡವರು. ಆದುದರಿಂದಲೇ ವಿಂಗಡಣೆಯು ಕಸ ಹುಟ್ಟುವ ಸ್ಥಳದಲ್ಲಿ, ರೋಗಿಯ ಮಂಚದ ಪಕ್ಕದಲ್ಲಿಯೇ ಆಗಬೇಕು.

ಎಲ್ಲಕ್ಕಿಂತ ಭಯಂಕರವಾದುದು ಸೂಜಿ. ಯಕೃತ್ತನ್ನು ಕಾಡುವ ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಆ ಸೋಂಕಿನ ರಕ್ತವಿರುವ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದ ನೂರು ಜನರಲ್ಲಿ 30 ಜನರವರೆಗೆ ರೋಗ ತಗಲಬಹುದು. ಎಚ್.ಐ.ವಿ.ಯ ವಿಷಯದಲ್ಲಿ ಈ ಪ್ರಮಾಣ ಸಾವಿರಕ್ಕೆ ಸುಮಾರು 3. ಜನರು ಹೆದರುವುದು ಮಾತ್ರ ಎರಡನೆಯದಕ್ಕೆ! 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್-ಬಿ ಹಬ್ಬಿ ಹಲವರು ಪ್ರಾಣ ತೆತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವಾಗಿತ್ತು. ಬಳಸಿದೊಡನೆ ಸೂಜಿಯನ್ನು ಕತ್ತರಿಸಬೇಕೆಂಬ ನಿಯಮದ ಅರ್ಥ ಇಲ್ಲಿ ತಿಳಿಯುತ್ತದೆ. ಇಡಿಯಾಗಿ ಉಳಿದ ಸಿರಿಂಜನ್ನು ತೊಳೆದು ಮಾರಬಹುದು, ತುಂಡಾದುದನ್ನು ಮಾರಲಾಗದು.

ನಮ್ಮ ದೇಶದಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಮೊದಲು ಬಂದುದು 1998ರಲ್ಲಿ. 2016ರಲ್ಲಿ ಅವು ಹೊಸರೂಪ ಪಡೆದವು. ರಕ್ತಸಿಕ್ತ ಅರಳೆ, ಅಂಗಾಂಶಗಳಿಗೆ ಹಳದಿ ಚೀಲ, ನಳಿಕೆ, ಕೈಗವಸುಗಳಿಗೆ ಕೆಂಪು, ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಸುಡಕೂಡದು. ಹಬೆಯಲ್ಲಿ ಸೋಂಕು ಕಳೆದು, ಚೂರುಮಾಡಿ ಮರುಬಳಕೆಗೆ ಕಳುಹಿಸಬೇಕು. ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಉರಿದಾಗ ಕ್ಯಾನ್ಸರಿಗೆ ಕಾರಣವಾಗಬಲ್ಲ ಡಯಾಕ್ಸಿನ್ ಹೊರಬೀಳುತ್ತದೆ. ಹಿತ್ತಲಲ್ಲಿ ಬೆಂಕಿಯಿಟ್ಟು ಕೈತೊಳೆದುಕೊಳ್ಳುವುದು ಶುಚಿತ್ವವಲ್ಲ, ನೆರೆಯವನ ಉಸಿರಿಗೆ ವಿಷವಿಕ್ಕುವುದು.

ಆದರೆ ಇಂದು ಆಸ್ಪತ್ರೆಯೇ ನಮ್ಮ ಮನೆಗಳಿಗೆ ಬಂದಿದೆ. ರೋಗಿಗಳಿಗೆ ಪರಮಪ್ರಸಾದ ನೀಡಲು ಹೋದಾಗ ಇನ್ಸುಲಿನ್ ಸೂಜಿ, ಮೂತ್ರದ ಚೀಲ, ಗಾಯದ ಪಟ್ಟಿಗಳನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಅವು ಹೋಗುವುದು ತರಕಾರಿ ಸಿಪ್ಪೆಯ ಜೊತೆಗೇ. ಅರಿಸ್ಟಾಟಲನು ನಾಶವೇ ಬೇರೆ, ಸ್ಥಳಾಂತರವೇ ಬೇರೆ ಎಂದು ವಿಂಗಡಿಸಿದ್ದನು. ಕಸ ಎಸೆಯುವ ಕೈಗೆ ಈ ಭೇದ ಮರೆತುಹೋಗುತ್ತದೆ.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ಬಟ್ಟೆ ತೊಳೆಯುವ ದ್ರಾವಣದ ದಪ್ಪ ಪ್ಲಾಸ್ಟಿಕ್ ಬಾಟಲಿಯೊಂದನ್ನು ಸೂಜಿಗಳಿಗೆಂದೇ ಮಕ್ಕಳ ಕೈಗೆ ಸಿಗದಂತೆ ಇಡಿರಿ. ತೆಳ್ಳಗಿನ ನೀರಿನ ಬಾಟಲಿ ಸಲ್ಲದು, ಸೂಜಿ ಅದನ್ನು ತೂರಿಬರುತ್ತದೆ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಹೆಸರು ಬರೆದು, ಹತ್ತಿರದ ಆಸ್ಪತ್ರೆ ಅಥವಾ ಪ್ರಯೋಗಾಲಯವನ್ನು ವಿಚಾರಿಸಿ ಒಪ್ಪಿಸಿರಿ. ಗಾಯದ ಪಟ್ಟಿ, ಡಯಾಪರುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೊಡಿರಿ. ಅವಧಿ ಮೀರಿದ ಮಾತ್ರೆಗಳನ್ನು ಶೌಚಾಲಯಕ್ಕೆ ಸುರಿಯಬೇಡಿರಿ. ನಮ್ಮ ಕುಟುಂಬಗಳಲ್ಲಿ ದಾದಿಯರಿಗೆ ಕೊರತೆಯಿಲ್ಲ. ಪೂಜೆಯ ನಂತರ ಹತ್ತು ನಿಮಿಷ ಇದನ್ನು ತೋರಿಸಿಕೊಡಲು ಅವರಿಗಿಂತ ಯೋಗ್ಯರಾರು?

ಹೆಪಟೈಟಿಸ್-ಬಿ ಲಸಿಕೆಯನ್ನು ಸಾಮಾನ್ಯವಾಗಿ ಮೂರು ಬಾರಿ ಕೊಡುತ್ತಾರೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಮ್ಮ ಮನೆಗೆಲಸದವರಿಗೂ ಬೀದಿಯ ಪೌರಕಾರ್ಮಿಕರಿಗೂ ಅದು ದೊರೆತಿದೆಯೇ ಎಂದು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ವಿಚಾರಿಸಬಹುದು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಬಾಯಿಂದ ಹೀರದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದೂ ಅವರಿಗೆ ತಿಳಿಸಿರಿ. ಎಚ್.ಐ.ವಿ. ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ಬೇಗನೆ ಆದಷ್ಟೂ ಒಳ್ಳೆಯದು.