ಬೆಂಕಿಯ ಮೇಲೊಂದು ಸಂಸಾರ: ಐಸ್‌ಲ್ಯಾಂಡ್ ಎಂಬ ದ್ವೀಪದ ಕಥೆ

ಐಸ್‌ಲ್ಯಾಂಡ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಕುಣಿಯೋ ಒಂದು ವಾಲ್‌ಪೇಪರ್. ಹೆಸರಲ್ಲೇ ‘ಐಸ್’ ಇರೋದ್ರಿಂದ ಅಲ್ಲಿ ವರ್ಷವಿಡೀ ಬರೀ ಮಂಜುಗಡ್ಡೆ ಅಂದ್ಕೊಂಡಿರೋರೂ ಇದ್ದಾರೆ. ನಿಜ ಏನಂದ್ರೆ, ಆ ದ್ವೀಪದ ಸುಮಾರು ಹತ್ತನೇ ಒಂದು ಪಾಲು ನೆಲ ಮಾತ್ರ ಹಿಮನದಿಗಳ ಕೆಳಗಿದೆ. ಆ ದೇಶದ ಕಥೆಯಲ್ಲಿ ಮುಖ್ಯ ಪಾತ್ರ ನೆಲದಡಿಯ ಬೆಂಕಿಯದು. ಒಂದು ಕಾಲಕ್ಕೆ ಅಲ್ಲಿನ ಐವರಲ್ಲಿ ಒಬ್ಬರನ್ನು ಬಲಿ ತೆಗೆದುಕೊಂಡ ಬೆಂಕಿ ಅದು. ಇವತ್ತು ಅಲ್ಲಿನ ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೆಚ್ಚಗಿಡೋದೂ ಅದೇ. ಈ ಬದಲಾವಣೆ ಹೇಗಾಯ್ತು, ಎಷ್ಟು ಅವರ ಕೈಗೆ ಬಂತು, ಎಷ್ಟು ಇನ್ನೂ ಬಂದಿಲ್ಲ ಅನ್ನೋದನ್ನ ಸ್ವಲ್ಪ ನೋಡೋಣ.

ಬಿರಿಯುತ್ತಿರುವ ನೆಲ

ಅಟ್ಲಾಂಟಿಕ್ ಸಾಗರದ ತಳದಲ್ಲಿ, ಉತ್ತರದಿಂದ ದಕ್ಷಿಣದವರೆಗೆ ಒಂದು ಉದ್ದನೆಯ ಪರ್ವತಶ್ರೇಣಿ ಇದೆ. ಅಲ್ಲಿ ಭೂಮಿಯ ಹೊರಪದರದ ಫಲಕಗಳು ಒಂದರಿಂದ ಒಂದು ದೂರ ಸರಿಯುತ್ತಿವೆ. ಮಧ್ಯದ ಬಿರುಕಿನಿಂದ ಕರಗಿದ ಶಿಲಾರಸ ಮೇಲೆ ಬಂದು, ಗಟ್ಟಿಯಾಗಿ, ಹೊಸ ನೆಲವಾಗುತ್ತದೆ. ಇದೆಲ್ಲ ಸಾಮಾನ್ಯವಾಗಿ ಸಮುದ್ರದ ಆಳದಲ್ಲಿ, ಯಾರ ಕಣ್ಣಿಗೂ ಬೀಳದೆ ನಡೆಯೋ ಕೆಲಸ. ಐಸ್‌ಲ್ಯಾಂಡ್ ಇರೋ ಜಾಗದಲ್ಲಿ ಮಾತ್ರ ಭೂಮಿಯ ಒಳಗಿಂದ ಹೆಚ್ಚುವರಿ ಬಿಸಿ ಮೇಲೆದ್ದು ಬರುತ್ತಿರೋದ್ರಿಂದ ಶಿಲಾರಸವೂ ಹೆಚ್ಚು. ಹಾಗಾಗಿ ಆ ಶ್ರೇಣಿ ನೀರಿನಿಂದ ಮೇಲೆ ತಲೆ ಎತ್ತಿ ನಿಂತಿದೆ. ಸುಮಾರು 1,03,000 ಚದರ ಕಿಲೋಮೀಟರಿನ ಈ ದ್ವೀಪ ಅಂದ್ರೆ ಹಾಗೆ ತಲೆ ಎತ್ತಿದ ಭಾಗವೇ.

ಪಶ್ಚಿಮದಲ್ಲಿ ಉತ್ತರ ಅಮೆರಿಕದ ಫಲಕ, ಪೂರ್ವದಲ್ಲಿ ಯುರೇಷಿಯಾದ ಫಲಕ. ಎರಡೂ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್‌ನಂತೆ ದೂರವಾಗುತ್ತಿವೆ. ಅಂದ್ರೆ ಈ ದೇಶ ನಿಧಾನಕ್ಕೆ ಅಗಲವಾಗುತ್ತಾನೇ ಇದೆ! ಸರಾಸರಿ ನಾಲ್ಕೈದು ವರ್ಷಕ್ಕೊಮ್ಮೆ ಅಲ್ಲಿ ಎಲ್ಲಾದರೊಂದು ಕಡೆ ಜ್ವಾಲಾಮುಖಿ ಬಾಯಿ ತೆರೆಯುತ್ತದೆ. 1963ರ ನವೆಂಬರ್‌ನಲ್ಲಿ ದಕ್ಷಿಣ ಕರಾವಳಿಯಾಚೆ ಸಮುದ್ರದೊಳಗಿಂದಲೇ ಒಂದು ಹೊಸ ದ್ವೀಪ ಹುಟ್ಟಿತು. ಅದರ ಹೆಸರು ಸುರ್ಟ್ಸೇ. ಬರಿಗಲ್ಲಿನ ಮೇಲೆ ಜೀವ ಹೇಗೆ ಬಂದು ನೆಲೆಸುತ್ತೆ ಅಂತ ನೋಡೋದಕ್ಕೆ ಇವತ್ತಿಗೂ ವಿಜ್ಞಾನಿಗಳನ್ನು ಬಿಟ್ಟು ಬೇರೆಯವರನ್ನು ಅಲ್ಲಿಗೆ ಬಿಡೋದಿಲ್ಲ.

ಕಿಟಕಿಯಿಂದ ನೋಡೋ ಹವಾಮಾನ

ರಾಜಧಾನಿ ರೇಕ್ಯಾವಿಕ್ ಇರೋದು 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತಕ್ಕೆ ಸ್ವಲ್ಪವೇ ಕೆಳಗೆ. ಅಷ್ಟು ಮೇಲಿದ್ದರೂ ಜನವರಿಯ ಸರಾಸರಿ ತಾಪಮಾನ ಸೊನ್ನೆ ಡಿಗ್ರಿಯ ಆಸುಪಾಸು ಅಷ್ಟೇ. ಕಾರಣ, ದಕ್ಷಿಣದ ಬೆಚ್ಚನೆಯ ನೀರನ್ನು ಹೊತ್ತು ತರುವ ಸಾಗರ ಪ್ರವಾಹ. ಅದೇ ಸಮುದ್ರ ಬೇಸಿಗೆಯಲ್ಲಿ ಸೆಖೆ ಏರೋದಕ್ಕೂ ಬಿಡಲ್ಲ. ಜುಲೈ ಸರಾಸರಿ 11 ಡಿಗ್ರಿ ಸುತ್ತಮುತ್ತ. ಜೂನ್‌ನಲ್ಲಿ ರಾತ್ರಿ ಪೂರ್ತಿ ಕತ್ತಲಾಗೋದೇ ಇಲ್ಲ. ಡಿಸೆಂಬರ್‌ನಲ್ಲಿ ಹಗಲು ಅಂದ್ರೆ ನಾಲ್ಕೇ ಗಂಟೆ.

ನಿಜವಾಗಿ ಕಾಡೋದು ಚಳಿಗಿಂತ ಗಾಳಿ. ಬೆಚ್ಚನೆಯ ನೀರಿನ ಮೇಲಿನ ಗಾಳಿ, ಉತ್ತರ ಧ್ರುವದ ತಣ್ಣನೆ ಗಾಳಿ ಎರಡೂ ಡಿಕ್ಕಿ ಹೊಡೆಯೋ ಜಾಗ ಅದು. ಮನೆಯೊಳಗಿಂದ ನೋಡೋಕೆ ಚೆಂದ, ಹೊರಗೆ ಹೋದ್ರೆ ಕಷ್ಟ ಅನ್ನೋ ದಿನಕ್ಕೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ. ಅದರ ಅರ್ಥ ‘ಕಿಟಕಿ ಹವಾಮಾನ’!

ಕಾಡು ಕಡಿದವರು, ಕಾನೂನು ಕಟ್ಟಿದವರು

ಮನುಷ್ಯರು ತೀರಾ ತಡವಾಗಿ ತಲುಪಿದ ನಾಡುಗಳಲ್ಲಿ ಇದೂ ಒಂದು. ಫ್ಲೋಕಿ ಅನ್ನೋ ನಾರ್ವೆಯ ನಾವಿಕ ಬೆಟ್ಟ ಹತ್ತಿ ನೋಡಿದಾಗ ಸಮುದ್ರದ ಕವಲೊಂದರ ತುಂಬ ಮಂಜುಗಡ್ಡೆ ತೇಲುತ್ತಿತ್ತಂತೆ, ಅದಕ್ಕೇ ಈ ಹೆಸರಿಟ್ಟನಂತೆ. ಮೊದಲು ಕಾಯಂ ಆಗಿ ನೆಲೆಸಿದವನು ಇಂಗೋಲ್ಫರ್ ಅರ್ನಾರ್ಸನ್. ಸಂಪ್ರದಾಯ ಹೇಳೋ ಇಸವಿ 874. ನೆಲದಿಂದ ಏಳುತ್ತಿದ್ದ ಬಿಸಿ ಆವಿ ಕಂಡು ಆ ಜಾಗವನ್ನು ‘ಹೊಗೆಯ ಕೊಲ್ಲಿ’ ಅಂತ ಕರೆದರು. ರೇಕ್ಯಾವಿಕ್ ಅಂದ್ರೆ ಅದೇ ಅರ್ಥ.

ರಾಜನಿಲ್ಲದ ಈ ಜನ 930ರಲ್ಲಿ ಆಲ್ಥಿಂಗಿ ಅನ್ನೋ ಸಭೆ ಕಟ್ಟಿಕೊಂಡರು. ಸೇರುತ್ತಿದ್ದ ಜಾಗ ಥಿಂಗ್ವೆಲ್ಲಿರ್. ಸ್ವಾರಸ್ಯ ನೋಡಿ, ಫಲಕಗಳು ಬಿರಿದು ಬಿಟ್ಟ ಕಣಿವೆಯೇ ಅದು. ಬಂಡೆಯೊಂದರ ಮೇಲೆ ನಿಂತು ಒಬ್ಬರು ಕಾನೂನನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. 1260ರ ದಶಕದಲ್ಲಿ ನಾರ್ವೆಯ ದೊರೆಗೆ ಅಧೀನರಾದರು, ಆಮೇಲೆ ಡೆನ್ಮಾರ್ಕ್ ಕೈಗೆ ಬಂದರು. ಮತ್ತೆ ಗಣರಾಜ್ಯವಾಗಿದ್ದು 1944ರ ಜೂನ್ 17ರಂದು, ಅದೂ ಥಿಂಗ್ವೆಲ್ಲಿರ್‌ನಲ್ಲೇ.

ಆದ್ರೆ ಇದೇ ಹಿರಿಯರು ಇನ್ನೊಂದು ಕೆಲಸ ಮಾಡಿದ್ದರು. ಅವರು ಬಂದಾಗ ದ್ವೀಪದ ಕಾಲು ಭಾಗಕ್ಕೂ ಹೆಚ್ಚು ಬರ್ಚ್ ಮರಗಳ ಕಾಡಿತ್ತು ಅಂತ ಅಂದಾಜು. ಸೌದೆಗೆ, ಇದ್ದಿಲಿಗೆ ಕಡಿದರು. ಮಿಕ್ಕ ಚಿಗುರನ್ನು ಕುರಿಗಳು ಮೇಯ್ದವು. ಜ್ವಾಲಾಮುಖಿಯ ಬೂದಿಮಣ್ಣು ಹಗುರ. ಬೇರು ಹೋದ ಮೇಲೆ ಗಾಳಿ ಅದನ್ನು ಹೊತ್ತೊಯ್ದಿತು. 1907ರಿಂದಲೇ ಸರ್ಕಾರ ಮಣ್ಣು ಉಳಿಸೋ ಕೆಲಸಕ್ಕೆ ಕೈ ಹಾಕಿದೆ. ಆದರೂ ಇವತ್ತು ಅಲ್ಲಿ ಕಾಡಿರೋದು ನೂರಕ್ಕೆ ಎರಡು ಪಾಲಿನಷ್ಟು.

1783: ಮಂಜಿನ ಸಂಕಟ

1783ರ ಜೂನ್ 8ರಂದು ದಕ್ಷಿಣದ ಲಾಕಿ ಅನ್ನೋ ಕಡೆ ನೆಲ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಬಿರಿಯಿತು. ಶಂಕುವಿನಂಥ ಒಂದು ಬೆಟ್ಟ, ಅದರ ತುದಿಯಲ್ಲೊಂದು ಬಾಯಿ ಅನ್ನೋ ಚಿತ್ರ ಬಿಟ್ಟುಬಿಡಿ. ಇಲ್ಲಿ ಸಾಲಾಗಿ ನೂರಕ್ಕೂ ಹೆಚ್ಚು ಬಾಯಿಗಳು. ಎಂಟು ತಿಂಗಳು ಲಾವಾರಸ ಹರಿಯಿತು. ಆದ್ರೆ ಜನರನ್ನು ಕೊಂದಿದ್ದು ಮುಖ್ಯವಾಗಿ ಅದಲ್ಲ, ಅದರ ಜೊತೆ ಬಂದ ಅನಿಲ. ಗಂಧಕದ ಡೈ ಆಕ್ಸೈಡ್ ಮಂಜಿನ ಹಾಗೆ ನೆಲದ ಮೇಲೆ ಕವಿಯಿತು, ಫ್ಲೋರಿನ್ ಹುಲ್ಲಿನ ಮೇಲೆ ಕೂತಿತು. ಆ ಹುಲ್ಲು ತಿಂದ ಕುರಿಗಳ ಹಲ್ಲು, ಮೂಳೆ ಕೆಟ್ಟು ನೂರರಲ್ಲಿ ಎಂಬತ್ತರಷ್ಟು ಸತ್ತವು. ದನಕರುಗಳಲ್ಲಿ ಅರ್ಧ ಹೋದವು. ಆಮೇಲೆ ಬಂತು ಬರ. ಐವತ್ತು ಸಾವಿರದಷ್ಟಿದ್ದ ಜನಸಂಖ್ಯೆಯಲ್ಲಿ ಐದನೇ ಒಂದು ಪಾಲು ಇಲ್ಲವಾಯಿತು. ಆ ವರ್ಷಗಳಿಗೆ ಅವರು ಇಟ್ಟ ಹೆಸರು ‘ಮಂಜಿನ ಸಂಕಟ’. ಅದೇ ಮಂಜು ಯುರೋಪಿನ ಮೇಲೂ ಹರಡಿತ್ತು.

ಇದೆಲ್ಲ ಇಷ್ಟು ವಿವರವಾಗಿ ಗೊತ್ತಿರೋದು ಹೇಗೆ? ಯೋನ್ ಸ್ಟೇಂಗ್ರಿಮ್ಸನ್ ಅನ್ನೋ ಹಳ್ಳಿಯ ಪಾದ್ರಿ ಆಗ ನಡೆದಿದ್ದನ್ನೆಲ್ಲ ಬರೆದಿಟ್ಟರು. ಇವತ್ತಿನ ಭೂವಿಜ್ಞಾನಿಗಳಿಗೆ ಆ ಬರಹ ಡೇಟಾ. ಬರೆದಿಡೋ ಚಟ ಅಲ್ಲಿ ಹಳೇದು. ಹದಿಮೂರನೇ ಶತಮಾನದ ಗದ್ಯ ಕಥನಗಳನ್ನು ಇವತ್ತಿನ ವಿದ್ಯಾರ್ಥಿಗಳು ಹೆಚ್ಚು ಕಷ್ಟವಿಲ್ಲದೆ ಓದುತ್ತಾರೆ. ಹೊಸ ವಸ್ತು ಬಂದ್ರೆ ಹಳೇ ಬೇರಿನಿಂದಲೇ ಪದ ಕಟ್ಟುತ್ತಾರೆ. ಕಂಪ್ಯೂಟರ್‌ಗೆ ಅವರ ಪದ ‘ತೋಲ್ವಾ’: ‘ಸಂಖ್ಯೆ’, ‘ಕಣಿ ಹೇಳುವವಳು’ ಎರಡನ್ನೂ ಬೆಸೆದಿದ್ದು. ಟೆಲಿಫೋನ್‌ಗೆ ‘ದಾರ’ ಅನ್ನೋ ಅರ್ಥದ, ಮರೆತೇ ಹೋಗಿದ್ದ ಹಳೇ ಪದವೊಂದನ್ನು ಎಬ್ಬಿಸಿದರು. ಸುಮಾರು ನಾಲ್ಕು ಲಕ್ಷ ಜನರ ಭಾಷೆ ಇಷ್ಟು ಮಾಡುತ್ತೆ ಅಂದ್ರೆ, ಕೋಟಿಗಟ್ಟಲೆ ಜನರ ನಮ್ಮ ಕನ್ನಡದ ಬಗ್ಗೆ ಒಂದು ಕ್ಷಣ ಯೋಚಿಸಬಹುದು.

ಬಟ್ಟೆ ಒಗೆಯೋ ದಾರಿಯಿಂದ ಪೈಪ್‌ಲೈನಿಗೆ

ರೇಕ್ಯಾವಿಕ್‌ನ ಹೆಂಗಸರು ಹಿಂದೆ ಬಟ್ಟೆಯ ಗಂಟು ಹೊತ್ತು ಸುಮಾರು ಮೂರು ಕಿಲೋಮೀಟರ್ ನಡೆದು, ಬಿಸಿನೀರಿನ ಬುಗ್ಗೆಗಳ ಹತ್ತಿರ ಹೋಗಿ ಒಗೆದು ಬರುತ್ತಿದ್ದರು. ಅವರು ನಡೆಯುತ್ತಿದ್ದ ದಾರಿಯೇ ಇವತ್ತು ನಗರದ ಮುಖ್ಯ ಅಂಗಡಿ ಬೀದಿ. ಆಮೇಲೆ ಯಾರೋ ಲೆಕ್ಕ ತಿರುಗಿಸಿದರು: ಜನ ನೀರಿನ ಹತ್ತಿರ ಹೋಗೋ ಬದಲು ನೀರೇ ಯಾಕೆ ಬರಬಾರದು? 1930ರಲ್ಲಿ ಅದೇ ಬುಗ್ಗೆಗಳ ಜಾಗದಿಂದ ಪೈಪ್ ಎಳೆದು ಒಂದು ಶಾಲೆಗೆ, ಮುಂದೆ ಆಸ್ಪತ್ರೆಗೆ, ಈಜುಕೊಳಕ್ಕೆ, ಕೆಲವು ಮನೆಗಳಿಗೆ ಬಿಸಿನೀರು ಕೊಟ್ಟರು. ಉಳಿದ ಊರು ಕಲ್ಲಿದ್ದಲು, ಎಣ್ಣೆ ಸುಡುತ್ತಿತ್ತು. 1970ರ ದಶಕದಲ್ಲಿ ತೈಲಬೆಲೆ ಗಗನಕ್ಕೇರಿದಾಗ ದೇಶವೇ ನೆಲದ ಶಾಖದ ಕಡೆ ತಿರುಗಿತು.

ಮೆಕ್ಯಾನಿಕಲ್‌ನವರಿಗೆ ಒಂದು ಉದಾಹರಣೆ: ನೆಸ್ಯಾವೆಲ್ಲಿರ್ ಸ್ಥಾವರದಿಂದ ರಾಜಧಾನಿಗೆ ಪೈಪ್‌ಲೈನ್ ಸುಮಾರು 27 ಕಿಲೋಮೀಟರ್. ಅಷ್ಟು ದೂರದ ಚಳಿ, ಗಾಳಿ ದಾಟಿ ಬರೋ ನೀರು ಕಳೆದುಕೊಳ್ಳೋದು ಸುಮಾರು ಎರಡು ಡಿಗ್ರಿ ಮಾತ್ರ. ಅಷ್ಟು ಚೆನ್ನಾಗಿ ಶಾಖನಿರೋಧಕ ಹೊದಿಸಿದ್ದಾರೆ. ವಿದ್ಯುತ್ತೂ ಹೆಚ್ಚುಕಮ್ಮಿ ಪೂರ್ತಿ ನವೀಕರಿಸಬಲ್ಲ ಮೂಲಗಳದ್ದೇ: ಸುಮಾರು 70 ಪಾಲು ಜಲವಿದ್ಯುತ್, ಮಿಕ್ಕಿದ್ದು ಬಹುಪಾಲು ನೆಲದ ಶಾಖದಿಂದ.

ಲಾವಾರಸಕ್ಕೆ ನೀರು ಹೊಡೆದವರು

1973ರ ಜನವರಿ 23, ನಡುರಾತ್ರಿ. ಹೇಯ್ಮಾಯ್ ಅನ್ನೋ ಮೀನುಗಾರರ ದ್ವೀಪದಲ್ಲಿ ಊರಿನ ಅಂಚಿಗೇ ನೆಲ ಬಿರಿಯಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ದೋಣಿಗಳೆಲ್ಲ ಬಂದರಿನಲ್ಲೇ ಇದ್ದವು. ಅದರಿಂದ ಸುಮಾರು 5,300 ಜನ ಬೆಳಗಾಗುವಷ್ಟರಲ್ಲಿ ಪಾರಾದರು. ಆದ್ರೆ ಲಾವಾರಸ ಬಂದರಿನ ಬಾಯಿಯತ್ತ ಹೊರಟಿತು. ಬಂದರು ಮುಚ್ಚಿದರೆ ಮೀನುಗಾರಿಕೆ ಇಲ್ಲ, ಮೀನುಗಾರಿಕೆ ಇಲ್ಲದಿದ್ದರೆ ಊರಿಗೆ ವಾಪಸ್ ಬರೋದಕ್ಕೆ ಅರ್ಥವೇ ಇಲ್ಲ.

ಥೋರ್ಬ್ಯೋರ್ನ್ ಸಿಗುರ್ಗೇರ್ಸನ್ ಅನ್ನೋ ಭೌತವಿಜ್ಞಾನಿ ಹೇಳಿದ್ದು ಸರಳ ಉಪಾಯ: ಸಮುದ್ರದ ನೀರು ಹೊಡೆಯಿರಿ. ಮೇಲ್ಮೈ ತಣ್ಣಗಾದರೆ ಸ್ನಿಗ್ಧತೆ ಏರುತ್ತೆ, ಮುಂಭಾಗ ಗಟ್ಟಿಯಾಗಿ ಹಿಂದಿನ ಲಾವಾರಸಕ್ಕೆ ತಾನೇ ಅಣೆಕಟ್ಟಾಗುತ್ತೆ. ಮೊದಲು ನಕ್ಕವರೂ ಇದ್ದರು. ಪಂಪುಗಳು ತಿಂಗಳುಗಟ್ಟಲೆ ಓಡಿ ಸುಮಾರು 60 ಲಕ್ಷ ಘನ ಮೀಟರ್ ನೀರು ಸುರಿದವು. ನೂರಾರು ಮನೆಗಳು ಹೋದವು, ಬಂದರು ಉಳಿಯಿತು. ಹೊಸ ಲಾವಾ ಗೋಡೆಯಿಂದಾಗಿ ಅಲೆಗಳ ಹೊಡೆತ ಮೊದಲಿಗಿಂತ ಕಡಿಮೆಯೂ ಆಯಿತು! ಹಿಂತಿರುಗಿದ ಜನ ತಣ್ಣಗಾಗುತ್ತಿದ್ದ ಅದೇ ಲಾವಾದೊಳಗೆ ಪೈಪ್ ಹಾಯಿಸಿ ವರ್ಷಗಟ್ಟಲೆ ಮನೆ ಬೆಚ್ಚಗಿಟ್ಟುಕೊಂಡರು.

ಎಲ್ಲ ಸಲವೂ ಹೀಗೇ ಆಗುತ್ತೆ ಅಂತಿಲ್ಲ. 2023ರ ನವೆಂಬರ್ 10ರ ರಾತ್ರಿ, ನೈಋತ್ಯದ ಗ್ರಿಂಡಾವಿಕ್ ಊರಿನ ಅಡಿಯಲ್ಲಿ ಶಿಲಾರಸ ನುಗ್ಗಿತು. ಸುಮಾರು 3,800 ಜನ ಕೆಲವೇ ಗಂಟೆಗಳಲ್ಲಿ ಮನೆ ಬಿಟ್ಟರು. ಎಂಜಿನಿಯರ್‌ಗಳು ಹಗಲು ರಾತ್ರಿ ಮಣ್ಣು, ಕಲ್ಲು ಪೇರಿಸಿ ತಡೆದಿಬ್ಬ ಕಟ್ಟಿದರು. 2024ರ ಜನವರಿ 14ರಂದು ಲಾವಾರಸದ ದೊಡ್ಡ ಹರಿವು ದಿಬ್ಬಕ್ಕೆ ತಗುಲಿ ದಾರಿ ಬದಲಿಸಿತು. ಆದ್ರೆ ದಿಬ್ಬದ ಈಚೆ, ಊರಿನ ಪಕ್ಕದಲ್ಲೇ ಇನ್ನೊಂದು ಬಿರುಕು ತೆರೆದು ಮೂರು ಮನೆಗಳನ್ನು ಸುಟ್ಟಿತು. ಮುಂದಿನ ತಿಂಗಳು ಲಾವಾರಸ ಬಿಸಿನೀರಿನ ಪೈಪ್ ಕಡಿದು, ಚಳಿಗಾಲದ ನಡುವೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮನೆಗಳು ತಣ್ಣಗಾದವು. ಬಿಸಿನೀರು ಕೊಟ್ಟ ನೆಲವೇ ಅದನ್ನು ಕಿತ್ತುಕೊಂಡಿತ್ತು. ಕೊನೆಗೆ ಸರ್ಕಾರವೇ ಆ ಊರಿನ ಬಹುತೇಕ ಮನೆಗಳನ್ನು ಕೊಂಡುಕೊಂಡಿತು. ಹೇಯ್ಮಾಯ್ ಜನ ವಾಪಸ್ ಬಂದರು. ಗ್ರಿಂಡಾವಿಕ್‌ನ ಬಹಳ ಜನ ಬೇರೆ ಊರಲ್ಲಿ ಸಂಸಾರ ಹೂಡಿದ್ದಾರೆ.

ಬಿಲ್ ಬರದೇ ಇರಲ್ಲ

ಶುದ್ಧ ಇಂಧನಕ್ಕೂ ಬೆಲೆ ಇದೆ. ಪೂರ್ವದ ಕಾರಾಹ್ನ್ಯೂಕರ್ ಜಲವಿದ್ಯುತ್ ಯೋಜನೆ 690 ಮೆಗಾವ್ಯಾಟ್‌ನದು, ಕಟ್ಟಿದ್ದು ಒಂದೇ ಒಂದು ಅಲ್ಯೂಮಿನಿಯಂ ಕಾರ್ಖಾನೆಗಾಗಿ. ಅದಕ್ಕಾಗಿ ಜನವಸತಿಯಿಲ್ಲದ ಎತ್ತರದ ನಾಡಿನ ಒಂದು ಭಾಗ ಮುಳುಗಿತು. ಉದ್ಯೋಗ ಬೇಕು ಅಂದವರು, ನೆಲ ಉಳಿಯಲಿ ಅಂದವರು ಅಂತ ದೇಶ ಎರಡು ಪಾಲಾಯಿತು.

ಇನ್ನು ಹಿಮನದಿಗಳು. ‘ಓಕ್’ ಅನ್ನೋ ಹಿಮನದಿ ತನ್ನ ತೂಕಕ್ಕೆ ತಾನೇ ಜಾರುವಷ್ಟೂ ದಪ್ಪ ಉಳಿದಿಲ್ಲ, ಇನ್ನು ಹಿಮನದಿ ಅಲ್ಲ ಅಂತ 2014ರಲ್ಲಿ ತೀರ್ಮಾನವಾಯಿತು. 2019ರಲ್ಲಿ ಜನ ಬೆಟ್ಟ ಹತ್ತಿ ಅದಕ್ಕೊಂದು ಸ್ಮಾರಕ ಫಲಕ ಹಾಕಿ ಬಂದರು. ಇಲ್ಲಿ ಭೌತಶಾಸ್ತ್ರದ ಒಂದು ಎಳೆಯೂ ಇದೆ. ಮೇಲಿನ ಹಿಮದ ಭಾರ ಇಳಿದರೆ ಕೆಳಗಿನ ಒತ್ತಡ ಕಡಿಮೆಯಾಗುತ್ತೆ. ಒತ್ತಡ ಕಡಿಮೆಯಾದರೆ ಬಂಡೆ ಕರಗೋದು ಸುಲಭ. ಹಿಂದಿನ ಹಿಮಯುಗ ಮುಗಿದಾಗ ಅಲ್ಲಿ ಜ್ವಾಲಾಮುಖಿಗಳು ಬಹಳ ಜೋರಾಗಿದ್ದವು. ಹಾಗಾಗಿ ಹಿಮ ಕರಗೋದನ್ನ ಅಲ್ಲಿನ ವಿಜ್ಞಾನಿಗಳು ಬೆಂಕಿಯ ಲೆಕ್ಕದಲ್ಲೂ ಬರೆದುಕೊಳ್ಳುತ್ತಾರೆ.

ಕೈಕಟ್ಟಿ ಕೂತಿಲ್ಲ ಅನ್ನೋದೂ ನಿಜ. ಹೆಲ್ಲಿಸ್‌ಹೇಯ್ದಿ ಸ್ಥಾವರದಲ್ಲಿ ‘ಕಾರ್ಬ್‌ಫಿಕ್ಸ್’ ಅನ್ನೋ ಪ್ರಯೋಗ 2012ರಲ್ಲಿ ಶುರುವಾಯಿತು. ಕಾರ್ಬನ್ ಡೈ ಆಕ್ಸೈಡನ್ನು ನೀರಿನಲ್ಲಿ ಕರಗಿಸಿ, ಅಂದ್ರೆ ಸೋಡಾ ಮಾಡಿ, ಬಸಾಲ್ಟ್ ಬಂಡೆಯೊಳಗೆ ಇಳಿಸೋದು. ಆ ಆಮ್ಲೀಯ ನೀರು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಬಿಡಿಸುತ್ತೆ, ಅವು ಸೇರಿ ಕಾರ್ಬನ್ ಕಲ್ಲಾಗುತ್ತೆ. ಸಾವಿರಾರು ವರ್ಷ ಬೇಕಾದೀತು ಅಂದ್ಕೊಂಡಿದ್ದರು. ಇಳಿಸಿದ ಅನಿಲದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಎರಡು ವರ್ಷದೊಳಗೇ ಕಲ್ಲಾಗಿತ್ತು ಅಂತ 2016ರಲ್ಲಿ ಪ್ರಕಟವಾಯಿತು.

ಈ ಬಸಾಲ್ಟ್ ನಮಗೆ ಅಪರಿಚಿತ ಅಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪುಕಲ್ಲು ಅದೇ, ಅದು ಸವೆದು ಆದ ಮಣ್ಣೇ ಅಲ್ಲಿನ ಎರೆಭೂಮಿ. ಲಾಕಿಯ ಹಾಗೆ, ಆದ್ರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ಅದು. ಮುಂದಿನ ಸಲ ಗೋಲಗುಮ್ಮಟಕ್ಕೆ ಹೋದಾಗ ಪಿಸುಮಾತಿನ ಮಜಾ ಮುಗಿದ ಮೇಲೆ ಗೋಡೆಯ ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ. ನಮ್ಮಲ್ಲಿ ತಣ್ಣಗಾಗಿ ಗೋಡೆಯಾಗಿ ನಿಂತ ಆ ಕಲ್ಲು, ಅಲ್ಲಿ ಇನ್ನೂ ಬಿಸಿಯಾಗಿದೆ. ಅದರ ಮೇಲೆ ಜನ ಅನ್ನ ಬೇಯಿಸಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿ, ಭೂಕಂಪಮಾಪಕದ ಗೆರೆಯ ಮೇಲೂ ಒಂದು ಕಣ್ಣಿಟ್ಟು ಬದುಕುತ್ತಿದ್ದಾರೆ.